ಎಮ್ಮೆಲ್ಲೆ ಮಾವನ ಬೆಲ್ಲನೀರು

ಕಳೆದ ತಿಂಗಳು ನೆಲ್ಯಾಡಿಯಲ್ಲಿರುವ ನನ್ನ ಹಳೆಯ ಶಿಷ್ಯೆಯೊಬ್ಬಳ ಮನೆಗೆ ಹೋಗಿದ್ದೆ. ಹೆದ್ದಾರಿಯಲ್ಲಿ ಬಸ್ಸಿನಿಂದಿಳಿದು, ರಬ್ಬರು ಮರಗಳ ಸಾಲಿನ ನಡುವಣ ಏರುದಾರಿಯನ್ನು ಹತ್ತಿ, ಜಗಲಿಯಲ್ಲಿ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಗ ಅವಳ ಅತ್ತೆ ಒಳಗಿನಿಂದ ಬಂದು ನನ್ನೆದುರಿಗೆ ಎರಡು ವಸ್ತುಗಳನ್ನಿಟ್ಟರು: ಕಂಠದವರೆಗೆ ನೀರು ತುಂಬಿದ ಒಂದು ಚೆಂಬು, ಅಂಗೈಯಗಲದ ಹಿತ್ತಾಳೆಯ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ.

ಈಗಿನ ಮನೆಗಳಲ್ಲಿ ಈ ಪದ್ಧತಿ ಅಪರೂಪವಾಗಿದೆ. ಬಣ್ಣಬಣ್ಣದ ಶರಬತ್ತು ಬರುತ್ತದೆ. ಇಲ್ಲವೇ "ಚಾ ಮಾಡುದಾ, ಕಾಫಿ ಮಾಡುದಾ" ಎಂಬ ಪ್ರಶ್ನೆ ಬರುತ್ತದೆ. ಬೆಲ್ಲನೀರಿಗೆ ಪ್ರಶ್ನೆಯಿಲ್ಲ. ಅದು ತಾನಾಗಿ ಬಂದು ಎದುರು ಕುಳಿತುಬಿಡುತ್ತದೆ. ಆ ತುಂಡಿನ ಒಂದು ಮೂಲೆ ಜೇನಿನಂತೆ ಹೊಳೆಯುತ್ತಿತ್ತು. ಒಂಟಿ ಇರುವೆಯೊಂದು ಆಗಲೇ ತಟ್ಟೆಯ ಅಂಚಿನ ಪ್ರದಕ್ಷಿಣೆಗೆ ಹೊರಟಿತ್ತು. ನನಗೋ, ಕಳೆದ ದೀಪಾವಳಿಯಿಂದ ವೈದ್ಯರ ಆಜ್ಞೆಯಂತೆ ಸಿಹಿ ನಿಷಿದ್ಧ.

"ತೆಗೊಳ್ಳಿ ಟೀಚರೇ, ಬಿಸಿಲಿಗೆ ಬಂದಿದ್ದೀರಿ" ಎಂದರು ಆ ತಾಯಿ.

'ಬೇಡ' ಎಂಬುದು ಬಹಳ ಸರಳವಾದ ಪದ. ನೌಕರಿಯ ದಿನಗಳಲ್ಲಿ ನಾನು ಅದನ್ನು ಧಾರಾಳವಾಗಿ ಬಳಸಿದವಳು. ಮದುವೆಯ ಕರೆಯೋಲೆಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಮರಳಿಸುತ್ತಿದ್ದಳೆಂಬ ಅಪಖ್ಯಾತಿ ನನಗುಂಟು. ಅದು ಪೂರ್ತಿ ಸುಳ್ಳೆಂದು ಹೇಳಲಾರೆ. ಆದರೆ ಬೆಲ್ಲದ ತಟ್ಟೆಯ ಎದುರಿನಲ್ಲಿ ಮಾತ್ರ ಆ ಪದ ನನ್ನ ನಾಲಿಗೆಯ ತುದಿಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಕಾರಣ, ನನ್ನ ಸೋದರಮಾವ. ಅವರು ಒಮ್ಮೆ ಒಂದು ಮನೆಯ ಜಗಲಿಯಲ್ಲಿ ಆ ಪದವನ್ನು ಉಚ್ಚರಿಸಿದ್ದರು. ಆಗ ಅವರು ನಮ್ಮ ಕ್ಷೇತ್ರದ ಶಾಸಕರಾಗಿದ್ದರು, ಚುನಾವಣೆ ಹತ್ತಿರದಲ್ಲಿತ್ತು.

ಶಾಸಕರೆಂದೊಡನೆ ನಿಮ್ಮ ಕಣ್ಣಮುಂದೆ ಮೂಡಿರಬಹುದಾದ ಚಿತ್ರವನ್ನು, ಹಲಗೆಯ ಮೇಲಣ ಹಿಂದಿನ ಪಾಠವನ್ನು ಅಳಿಸುವಂತೆ, ದಯವಿಟ್ಟು ಅಳಿಸಿಬಿಡಿ. ಐತಪ್ಪಮಾವ ಕಬಕದ ಕೂಡುರಸ್ತೆಯಲ್ಲಿ ಬಸ್ಸಿನ ಬುಕ್ಕಿಂಗ್ ಏಜೆಂಟರಾಗಿದ್ದವರು. ಹುಟ್ಟಿದ್ದು ಪೆರಾಬೆಯಲ್ಲಿ, ಸಾಧಾರಣ ಸ್ಥಿತಿಯ ಗೌಡರ ಮನೆಯಲ್ಲಿ. ಅಣ್ಣತಮ್ಮಂದಿರು ಹೆಚ್ಚಿದ್ದು ಗದ್ದೆ ಕಡಿಮೆಯಿದ್ದುದರಿಂದ ಮೀಸೆ ಮೂಡುವ ಮೊದಲೇ ಕಬಕಕ್ಕೆ ಬಂದು, ಬಸ್ಸಿನ ಕಂಪೆನಿಯವರು ಹಾಕಿಕೊಟ್ಟ ತಗಡಿನ ಮಾಡಿನ ಕೆಳಗೆ ಒಂದು ಬೆಂಚು, ಒಂದು ಸೀಟಿಯೊಡನೆ ಜೀವನವನ್ನು ಆರಂಭಿಸಿದರು. ಓದಲು ಪುತ್ತೂರಿಗೆ ಅನುಕೂಲವೆಂದು ನಾನು ಅವರ ಮನೆಯಲ್ಲಿಯೇ ಬೆಳೆದವಳು; ಆದ್ದರಿಂದ ನನ್ನ ಬಾಲ್ಯದ ಬೆಳಗುಗಳಿಗೆಲ್ಲ ಆ ಸೀಟಿಯ ಸದ್ದೂ ಪೆಟ್ರೋಲಿನ ವಾಸನೆಯೂ ಅಂಟಿಕೊಂಡಿವೆ.

ಯುದ್ಧದ ಕಾಲದಲ್ಲಿ ಪೆಟ್ರೋಲೂ ಇರಲಿಲ್ಲವಂತೆ. ಬಸ್ಸಿನ ಹಿಂಬದಿಗೆ ಒಂದು ಒಲೆಯನ್ನು ಕಟ್ಟಿ, ಇದ್ದಿಲು ತುಂಬಿ, ಚಕ್ರ ತಿರುಗಿಸಿ ಗಾಳಿ ಊದಿ ಹೊರಡಿಸುವ ಹೊತ್ತಿಗೆ ಪ್ರಯಾಣಿಕರು ತಮ್ಮ ಸಂಸಾರದ ಕಥೆಗಳನ್ನೆಲ್ಲ ಹೇಳಿ ಮುಗಿಸುತ್ತಿದ್ದರಂತೆ. ಮಾವನ ವಿದ್ಯಾಭ್ಯಾಸ ಆಗಿದ್ದು ಆ ಹೊಗೆಯಲ್ಲಿ. ಮನೆಯ ಅರೆಭಾಷೆಯ ಜೊತೆಗೆ ತುಳು, ಬ್ಯಾರಿ, ಮಲೆಯಾಳ, ಎಲ್ಲವೂ ಅವರಿಗೆ ಅಲ್ಲಿಯೇ ಬಂದವು. ಯಾರ ಮಗಳಿಗೆ ಎಲ್ಲಿ ಸಂಬಂಧ ಕುದುರುತ್ತಿದೆ, ಯಾರ ದಾವೆ ಪುತ್ತೂರಿನ ಕೋರ್ಟಿನಲ್ಲಿ ಯಾವ ಹಂತಕ್ಕೆ ಬಂದಿದೆ, ಯಾವ ಮುದುಕಿ ಯಾವ ಆಸ್ಪತ್ರೆಗೆ ಹೊರಟಿದ್ದಾಳೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಹೋದವರು ಮರಳಿ ಬಂದು ಬಸ್ಸಿನಿಂದಿಳಿದೊಡನೆ ಮಾವ ಬೆಂಚಿನಿಂದ ಅರ್ಧ ಎದ್ದು ಕೇಳುತ್ತಿದ್ದ ಪ್ರಶ್ನೆ ಒಂದೇ:

"ಹೋದ ಕೆಲಸ ಆಯ್ತಾ?"

ಮಾವನನ್ನು ಚುನಾವಣೆಗೆ ನಿಲ್ಲಿಸಿದ್ದು ಈ ಪ್ರಶ್ನೆಯೇ ಎಂದು ನಾನು ನಂಬಿದ್ದೇನೆ. ನಮ್ಮ ಜಿಲ್ಲೆ ಮದರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಚುನಾವಣೆ ಅದು. ಆಗ ಸುಳ್ಯವೂ ಕಡಬವೂ ಪುತ್ತೂರು ತಾಲೂಕಿನೊಳಗೇ ಇದ್ದವು. ಬೆಂಗಳೂರಿಗೆ ಹೋಗಿ ಬರಬಲ್ಲ ವಕೀಲರು, ಜಮೀನುದಾರರು ಬೇಕಾದಷ್ಟು ಜನರಿದ್ದರು. ಆದರೆ ಹೋದ ಕೆಲಸವನ್ನು ವಿಚಾರಿಸುವವರು ಒಬ್ಬರೇ ಎಂದು ಬಸ್ಸಿನ ಜನ ತೀರ್ಮಾನಿಸಿದರು. ಮಾವನ ಪ್ರಚಾರದ ನೋಟೀಸಿನಲ್ಲಿದ್ದ ತಪ್ಪುಗಳನ್ನು ಲಂಗ ತೊಟ್ಟ ನಾನು ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟೆ. ಅಚ್ಚಾಗಿ ಹಂಚಿಯೂ ಆಗಿದ್ದ ನೋಟೀಸು ಅದು. ಮಾವ ಗಂಭೀರವಾಗಿ ನೋಡಿ, "ಇನ್ನೊಂದು ಸಲ ನಿಲ್ಲುವಾಗ ನಿನ್ನತ್ರ ತೋರಿಸಿಯೇ ಅಚ್ಚು ಹಾಕಿಸುದು" ಎಂದು ಮಾತು ಕೊಟ್ಟರು.

ಇಲ್ಲಿ ಬೆಲ್ಲನೀರಿನ ನಿಯಮಗಳನ್ನು ಸ್ವಲ್ಪ ವಿವರಿಸಬೇಕು. ನಿಯಮ ತಿಳಿಸದೆ ಉದಾಹರಣೆ ಕೊಡುವುದು ನನ್ನ ಪದ್ಧತಿಯಲ್ಲ. ಮೊದಲು ಬೆಲ್ಲ, ಅನಂತರ ನೀರು, ಆಮೇಲೆ ಮಾತು. ಬಂದ ಕಾರಣವನ್ನು ಬೆಲ್ಲಕ್ಕಿಂತ ಮೊದಲು ಹೇಳಬಾರದು, ಮನೆಯವರೂ ಕೇಳಬಾರದು. ತಟ್ಟೆಯಲ್ಲಿ ಎಷ್ಟೇ ಇರಲಿ, ಒಂದು ಚೂರನ್ನಾದರೂ ಬಾಯಿಗೆ ಹಾಕಿಕೊಳ್ಳಬೇಕು. ಆದರೆ ಆ ಕಾಲದಲ್ಲಿ ಇವೆಲ್ಲಕ್ಕೂ ಮೇಲಾಗಿ, ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ನಿಯಮವಿತ್ತು. ಯಾರ ಮನೆಯ ಬೆಲ್ಲವನ್ನು ಯಾರು ತಿನ್ನಬಹುದು ಎಂಬುದೇ ಅದು. ಗುಡ್ಡದ ಮೇಲಿನ, 'ಕೀಳು' ಎನಿಸಿಕೊಂಡ ಜಾತಿಯ ಕೆಲವು ಮನೆಗಳಿಗೆ ಕೆಳಗಿನ ಗದ್ದೆಮನೆಗಳವರು ಹೋದರೆ ಅಂಗಳದ ಆಚೆಯೇ ನಿಂತು ಕೂಗುತ್ತಿದ್ದರು. ಆ ಮನೆಯವರೂ ತಟ್ಟೆಯನ್ನು ಹೊರಗೆ ತರುತ್ತಿರಲಿಲ್ಲ. ಸುಲಿಯದ ಅಡಿಕೆಯನ್ನು ಎಲೆಯ ಮೇಲಿಟ್ಟು ದೂರ ಸರಿಯುತ್ತಿದ್ದರು. ಅಲ್ಲಿ 'ಬೇಡ' ಎನ್ನುವ ಸಂದರ್ಭವೇ ಬಾರದಂತೆ ಎರಡು ಕಡೆಯವರೂ ಜಾಗ್ರತೆ ವಹಿಸುತ್ತಿದ್ದರು.

ಮಾವ ಆ ಜಾಗ್ರತೆಯನ್ನು ಕೆಡಿಸಿದರು. ಬಸ್ಸಿನಲ್ಲಿ ಎಲ್ಲರನ್ನೂ ಒಂದೇ ಸೀಟಿಯಿಂದ ಹತ್ತಿಸಿ ಇಳಿಸಿದವರಿಗೆ ಅಂಗಳದ ಗೆರೆ ಕಾಣಿಸಲಿಲ್ಲವೋ ಅಥವಾ ಕಂಡೂ ದಾಟಿದರೋ, ಅಂತೂ ನೇರವಾಗಿ ಹೋಗಿ ಜಗಲಿಯಲ್ಲಿ ಕುಳಿತು, "ಎಂತ ಅಕ್ಕಾ, ನಿಮ್ಮಲ್ಲಿ ಬೆಲ್ಲನೀರು ಕೊಡುವ ಕ್ರಮ ಇಲ್ವಾ?" ಎಂದು ತಾವೇ ಕೇಳುತ್ತಿದ್ದರು. ನಮ್ಮವರೇ ಕೆಲವರು ಹಂಗಿಸಿದರು: "ಐತಪ್ಪ ಗೌಡ್ರು ನೊಣದ ಹಾಗೆ ಮಾರಾಯ್ರೆ, ಯಾರ ಬೆಲ್ಲ ಆದ್ರೂ ಕೂರ್ತಾರೆ."

"ನೊಣಕ್ಕೆ ಜಾತಿ ಇಲ್ಲ ಅಲ್ವಾ, ಅದಕ್ಕೇ ಆರಾಮ ಉಂಟು" ಎಂದು ಮಾವ ನಕ್ಕುಬಿಟ್ಟರು.

ಹಾಗೆ ಹೋದ ಮನೆಗಳಲ್ಲಿ ಪೆರಾಬೆಯ ಗುಡ್ಡದ ನೆತ್ತಿಯಲ್ಲಿದ್ದ ಅಕ್ಕುವಿನ ಮನೆಯೂ ಒಂದು. ಅಕ್ಕು ಒಂಟಿ ಹೆಂಗಸು. ಕೂಲಿ ಮಾಡಿ, ಬುಟ್ಟಿ ಹೆಣೆದು ಬದುಕುತ್ತಿದ್ದಳು. ಮಾವ ಹುಟ್ಟಿದ ಮನೆಯ ಗದ್ದೆಯಲ್ಲಿಯೇ ಭತ್ತದ ನೇಜಿ ನೆಟ್ಟವಳು. ಆದರೂ ಅವಳ ಜಗಲಿಯಲ್ಲಿ ಮಾವನ ಕಡೆಯವರು ಯಾರೂ ಅದುವರೆಗೆ ಕುಳಿತವರಲ್ಲ. ಮಾವ ಬೆಲ್ಲ ಕೇಳಿದಾಗ ಅವಳು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲವಂತೆ. ಬೆಲ್ಲ ಇರಲಿಲ್ಲ. ಯಾರಿಗೂ ಕೊಡಬೇಕಾಗಿ ಬಾರದ ವಸ್ತುವನ್ನು ತಂದಿಡುವುದಾದರೂ ಏಕೆ? ಕೊನೆಗೆ ಚೆಂಬೊಂದನ್ನೇ ಹಿಡಿದು ಬಾಗಿಲಲ್ಲಿ ನಿಂತಾಗ ಮಾವ ನೀರು ಕುಡಿದು, "ಬೆಲ್ಲ ಇನ್ನೊಂದು ಸಲ ಬರುವಾಗ ಕೊಡು ಅಕ್ಕು, ಮರೀಬೇಡ" ಎಂದು ಹೇಳಿ ಬಂದರು.

ಈ ಪ್ರಸಂಗವನ್ನು ನನಗೆ ಹೇಳಿದವರು ಪಕ್ರಬ್ಬ ಬ್ಯಾರಿಗಳು. ಅವರು ಗುಡ್ಡದ ಮನೆಗಳಿಂದ ಗೇರುಬೀಜ, ಕಾಳುಮೆಣಸು ಕೊಳ್ಳುವ ವ್ಯಾಪಾರಿ. ಕಬಕದ ಬೆಂಚಿನ ಕಾಲದಿಂದಲೂ ಮಾವನ ಸ್ನೇಹಿತರು. ಯಾವ ಕಾಲುದಾರಿ ಯಾವ ಮನೆಯ ಹಿತ್ತಿಲಿಗೆ ಮುಟ್ಟುತ್ತದೆಂಬುದನ್ನು ಅವರಷ್ಟು ಬಲ್ಲವರಿಲ್ಲವಾದ್ದರಿಂದ ಮತಯಾಚನೆಯ ದಾರಿ ಯಾವಾಗಲೂ ಅವರದೇ. ಮಾವ ಗೆದ್ದ ಮೇಲೆ ಊರೆಲ್ಲ 'ಎಮ್ಮೆಲ್ಲೆಯವರು' ಎಂದು ಕರೆಯಿತು. ಪಕ್ರಬ್ಬ ಮಾತ್ರ ಕೊನೆಯವರೆಗೂ 'ಏಜೆಂಟ್ರೇ' ಎಂದೇ ಕರೆದರು.

ಬೆಂಗಳೂರಿನ ಆ ವರ್ಷಗಳು ನನಗೆ ಕನಸಿನಲ್ಲಿ ಕಂಡ ಊರಿನಂತೆ ನೆನಪಾಗುತ್ತವೆ, ಏಕೆಂದರೆ ಅದನ್ನು ನಾನು ಕಂಡಿರಲಿಲ್ಲ; ಮಾವ ಹೇಳಿದ್ದನ್ನು ಕೇಳಿದ್ದಷ್ಟೇ. ಅಧಿವೇಶನ ಮುಗಿಸಿ ಬಂದ ದಿನ ಅವರು ಜಗಲಿಯಲ್ಲಿ ಕಾಲು ಚಾಚಿ, ಹೊಸದಾಗಿ ಕಟ್ಟಿದ ವಿಧಾನಸೌಧವನ್ನು ವರ್ಣಿಸುತ್ತಿದ್ದರು. ಕಲ್ಲು, ಕಲ್ಲಿನ ಮೇಲೆ ಕಲ್ಲು, ಮೆಟ್ಟಿಲು ಹತ್ತಿದಷ್ಟೂ ಮೆಟ್ಟಿಲು. "ಕೂತುಕೊಳ್ಳಲಿಕ್ಕೆ ಜಾಗ ಭರ್ಜರಿ ಉಂಟು. ಆದರೆ ಎಷ್ಟು ಹೊತ್ತು ಕೂತರೂ ಬಸ್ಸು ಬರುದಿಲ್ಲ" ಎಂಬುದು ಅವರ ಅಭಿಪ್ರಾಯ. ಸಭೆಯಲ್ಲಿ ಅವರು ದೊಡ್ಡ ಭಾಷಣಗಳನ್ನು ಮಾಡಿದವರಲ್ಲ. ಒಂದು ಹೊಳೆಗೆ ಕಾಲುಸಂಕ, ಒಂದು ಶಾಲೆಗೆ ಬಾವಿ, ನೆಲ್ಯಾಡಿಯ ಕಡೆಗೆ ಇನ್ನೊಂದು ಬಸ್ಸು, ಇಂಥವುಗಳಿಗಾಗಿ ಎದ್ದು ನಿಲ್ಲುತ್ತಿದ್ದರು. ಮಂತ್ರಿಗಳು ಉತ್ತರ ಕೊಟ್ಟ ಮರುದಿನ ಕಚೇರಿಯ ಬಾಗಿಲಲ್ಲಿ ನಿಂತು, ಸಿಕ್ಕಿದ ಗುಮಾಸ್ತರನ್ನೆಲ್ಲ "ಆ ಕೆಲಸ ಆಯ್ತಾ?" ಎಂದು ಕೇಳುತ್ತಿದ್ದರಂತೆ. ಕಾಲುಸಂಕ ಆಯಿತು. ಬಾವಿ ಆಯಿತು. ಬಸ್ಸಿನ ವಿಷಯ ಕೊನೆಯವರೆಗೂ ಪರಿಶೀಲನೆಯಲ್ಲಿತ್ತು.

ಹೀಗಿರುವಾಗ ನಮ್ಮ ಬಚ್ಚಲಿನ ಹಿಂದೆ ಇರುವೆಗಳು ಸಾಲುಗಟ್ಟಿದವು. ಮೊದಲು ಗಮನಿಸಿದವಳು ಮಾವನ ಹೆಂಡತಿ, ನನ್ನ ಅತ್ತೆ. ಮಾವ ಹೊತ್ತುಗೊತ್ತಿಲ್ಲದೆ ನೀರು ಕುಡಿಯುತ್ತಿದ್ದುದನ್ನೂ ಉಡುವ ಪಂಚೆ ಸೊಂಟದಲ್ಲಿ ಸಡಿಲಾಗುತ್ತಿದ್ದುದನ್ನೂ ಈ ಇರುವೆಗಳೊಂದಿಗೆ ಕೂಡಿಸಿ ನೋಡಿದವಳೂ ಅವಳೇ. ಪುತ್ತೂರಿನ ಡಾಕ್ಟರು ಸಕ್ಕರೆ ಕಾಯಿಲೆಯೆಂದರು. ದಿನವೂ ಪರೀಕ್ಷೆ ಮಾಡಬೇಕೆಂದು ಒಂದು ಗಾಜಿನ ನಳಿಗೆ, ಒಂದು ಸ್ಪಿರಿಟ್ ದೀಪ, ಒಂದು ಸೀಸೆ ನೀಲಿ ದ್ರಾವಣವನ್ನು ಕೊಟ್ಟರು. ಆ ದ್ರಾವಣಕ್ಕೆ ಮಾವನ ಮೂತ್ರದ ಕೆಲವು ಹನಿಗಳನ್ನು ಹಾಕಿ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಕ್ಷೇಮ. ಹಸುರಾದರೆ ಎಚ್ಚರ, ಹಳದಿಯಾದರೆ ಇನ್ನೂ ಎಚ್ಚರ, ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಅತ್ತೆಯ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತಿತ್ತು.

ಸಂಜೆಯ ಆ ದೃಶ್ಯ ನನ್ನ ಕಣ್ಣಿನಲ್ಲಿ ಹಾಗೆಯೇ ಉಳಿದಿದೆ. ಹಿತ್ತಿಲ ಬಾಗಿಲ ಬಳಿ ಅತ್ತೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾಳೆ. ಸ್ಪಿರಿಟ್ ದೀಪದ ಜ್ವಾಲೆ ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗಿದೆ. ನಳಿಗೆಯೊಳಗಿನ ನೀಲಿ ಅತ್ತಿತ್ತ ಅಲುಗುತ್ತಾ, ಮನಸ್ಸು ಬದಲಿಸುವವರಂತೆ, ನಿಧಾನವಾಗಿ ಬಣ್ಣ ಬದಲಿಸುತ್ತಿದೆ. ಲೋಕದ ಯಾವ ಸೂರ್ಯಾಸ್ತವನ್ನೂ ನಾನು ಅಷ್ಟು ಭಯಭಕ್ತಿಯಿಂದ ನೋಡಿದವಳಲ್ಲ.

ಎರಡನೆಯ ಚುನಾವಣೆ ಬಂದಾಗ ಆ ನಳಿಗೆಯೇ ನಮ್ಮ ಮನೆಯ ವರದಿಗಾರನಾಯಿತು. ಮತಯಾಚನೆಯೆಂದರೆ ಮನೆಗಳು, ಮನೆಗಳೆಂದರೆ ಬೆಲ್ಲ. "ಇವತ್ತು ಎಷ್ಟು ಮನೆಗೆ ಹೋದ್ರಿ ಅಂತ ನೀವು ಹೇಳುದು ಬೇಡ. ಇದು ಹೇಳ್ತದೆ" ಎಂದು ಅತ್ತೆ ಕೆಂಪು ನಳಿಗೆಯನ್ನು ಮಾವನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು.

"ಒಂದು ಚೂರು ಮಾರಾಯ್ತಿ, ಬರೇ ಒಂದು ಚೂರು."

"ಪ್ರತಿ ಮನೆಯದ್ದೂ ಒಂದು ಚೂರು ಸೇರಿದ್ರೆ ಒಂದು ಅಚ್ಚು ಆಗ್ತದೆ."

ಉಪಾಯವನ್ನು ಹುಡುಕಿದವರು ಪಕ್ರಬ್ಬ. ಮನೆಯವರು ತಟ್ಟೆ ಇಟ್ಟು ಒಳಕ್ಕೆ ತಿರುಗುವ ಕ್ಷಣದಲ್ಲಿ ಮಾವನ ತುಂಡನ್ನು ಅವರು ತಮ್ಮ ಬಾಯಿಗೆ ಹಾಕಿಕೊಳ್ಳುವುದು. ಮಾವ ನೀರು ಕುಡಿದು ಬಾಯಿ ಒರೆಸಿಕೊಳ್ಳುವುದು. ಕೆಲವು ದಿನ ಈ ವ್ಯವಸ್ಥೆ ಸೊಗಸಾಗಿ ನಡೆಯಿತು. "ಏಜೆಂಟ್ರೇ, ಎಮ್ಮೆಲ್ಲೆ ಆಗುದು ನೀವು, ಹೊಟ್ಟೆ ಬರುದು ನನಗೆ" ಎಂದು ಪಕ್ರಬ್ಬ ತಮ್ಮ ಬೆಲ್ಟನ್ನು ಸಡಿಲಿಸಿಕೊಂಡರು. ನಳಿಗೆ ಹಸುರಿಗೆ ಇಳಿಯಿತು. ಅತ್ತೆಯ ಮಾತೂ ಇಳಿಯಿತು.

ಅಷ್ಟರಲ್ಲಿ ಚಂದ್ರದರ್ಶನವಾಗಿ ರಂಜಾನಿನ ಉಪವಾಸದ ತಿಂಗಳು ಆರಂಭವಾಯಿತು. ಹಗಲಿನಲ್ಲಿ ಪಕ್ರಬ್ಬ ಹನಿ ನೀರನ್ನೂ ಮುಟ್ಟುವಂತಿರಲಿಲ್ಲ. ಮಾವ ಮತ್ತೆ ಚೂರುಚೂರು ತಿನ್ನತೊಡಗಿದರು. ನಡೆದು ನಡೆದು ಹಿಮ್ಮಡಿಯಲ್ಲಾದ ಸಣ್ಣ ಗಾಯ ಮಾಗದೆ ಬಾಯಿ ತೆರೆಯಿತು. ಡಾಕ್ಟರು ಅದನ್ನು ನೋಡಿ, "ಓಟು ಬೇಕಾ, ಕಾಲು ಬೇಕಾ, ಒಂದು ಹೇಳಿ" ಎಂದು ಗದರಿಸಿದರು. ಅಂದಿನಿಂದ ಮಾವ ಬೆಲ್ಲವನ್ನು ಬಿಟ್ಟರು. ದೊಡ್ಡ ಮನೆಗಳಲ್ಲಿ ತೊಂದರೆಯಾಗಲಿಲ್ಲ, "ಓ, ಪಥ್ಯವಾ? ಹಾಗಾದ್ರೆ ಮಜ್ಜಿಗೆ ತೆಗೊಳ್ಳಿ" ಎಂದರು. 'ಬೇಡ' ಎಂದವನು ಯಾರು, ಹೇಳಿಸಿಕೊಂಡವರು ಯಾರು ಎಂಬುದರ ಮೇಲೆ ಆ ಪದದ ಭಾರ ಬದಲಾಗುತ್ತದೆಂಬುದನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ.

ಮಾವ ಅಕ್ಕುವಿನ ಮನೆಗೆ ಹೋದದ್ದು ಆ ದಿನಗಳಲ್ಲಿ. ಜೊತೆಗೆ ಪಕ್ರಬ್ಬರಲ್ಲದೆ ಪಕ್ಷದ ಇಬ್ಬರು ಮೂವರೂ ಇದ್ದರು; ಅಂಗಳದ ಆಚೆ ನೆರೆಯ ಜನರೂ ಕೂಡಿದ್ದರು. ಮಾವ ಕೂರುವ ಮೊದಲೇ ಅಕ್ಕು ಒಳಗಿನಿಂದ ತಟ್ಟೆಯನ್ನು ತಂದಳು. ಕಳೆದ ಸಲದಿಂದ ಅವಳು ಮನೆಯಲ್ಲಿ ಬೆಲ್ಲ ತಪ್ಪದಂತೆ ನೋಡಿಕೊಂಡಿದ್ದಳಂತೆ. ಹಳತಾದದ್ದನ್ನು ತಾನು ತಿಂದು ಹೊಸದನ್ನು ತಂದು ಮಡಕೆಯಲ್ಲಿಡುತ್ತಿದ್ದಳಂತೆ. ಮಾವ ತಟ್ಟೆಯನ್ನು ನೋಡಿದರು. ಪಕ್ರಬ್ಬರನ್ನು ನೋಡಿದರು. ಪಕ್ರಬ್ಬ ನೆಲವನ್ನು ನೋಡಿದರು.

"ಬೇಡ ಅಕ್ಕು. ಡಾಕ್ಟ್ರು ಬೇಡ ಹೇಳಿದ್ದಾರೆ. ನೀರು ಕೊಡು."

ಅಕ್ಕು ನೀರು ಕೊಟ್ಟಳು. ತಟ್ಟೆಯ ಮೇಲೆ ಒಂದು ಎಲೆಯನ್ನು ಮುಚ್ಚಿ ಒಳಗೆ ಒಯ್ದಳು.

ಮಾವ ಗುಡ್ಡದಿಂದ ಇಳಿಯುವ ಮೊದಲೇ ಆ ಮಾತು ಇಳಿಯಿತು. ಎರಡು ದಿನಗಳಲ್ಲಿ ಕಡಬದ ಪೇಟೆಗೂ ಅಲ್ಲಿಂದ ನೆಲ್ಯಾಡಿಗೂ ಮುಟ್ಟಿ, ಕಬಕದ ಕೂಡುರಸ್ತೆಯ ಚಹದಂಗಡಿಗೆ 'ಐತಪ್ಪ ಗೌಡ್ರಿಗೆ ಈಗ ಅಕ್ಕುವಿನ ಬೆಲ್ಲ ಆಗುದಿಲ್ಲವಂತೆ' ಎಂಬ ರೂಪದಲ್ಲಿ ಬಂದಿತು. ಡಾಕ್ಟರು ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಗಿದ್ದರು.

"ಬೆಂಗಳೂರಿನ ಬೆಲ್ಲವೇ ಆಗ್ಬೇಕಲ್ಲ ಇನ್ನು!"

"ಆಗ ಓಟು ಬೇಕಿತ್ತು, ಜಾತಿ ಮರೆತುಹೋಗಿತ್ತು. ಈಗ ನೆನಪಾಯ್ತು, ಅಷ್ಟೇ."

ಈ ಮಾತುಗಳು ನಮ್ಮ ಜಗಲಿಗೂ ಕೇಳಿಸುವಂತಿದ್ದವು. ಪಕ್ರಬ್ಬ ಆ ಸಂಜೆಯೇ ಓಡಿಬಂದರು. "ಒಂದು ನೋಟೀಸು ಹಾಕುವ ಏಜೆಂಟ್ರೇ. ಎಮ್ಮೆಲ್ಲೆಯವರಿಗೆ ಸಕ್ಕರೆ ಕಾಯಿಲೆ, ಡಾಕ್ಟ್ರ ಅಪ್ಪಣೆ, ಅಂತ." ಬರೆಯುವ ಕೆಲಸ ನನಗೆ ಬಂದಿತು. ನಾನಾಗ ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ. 'ಮಾನ್ಯ ಮತದಾರ ಬಾಂಧವರಲ್ಲಿ ಸವಿನಯ ನಿವೇದನೆ' ಎಂದು ಆರಂಭಿಸಿ, ಪದಗಳನ್ನು ಹಾರದ ಹೂಗಳಂತೆ ಪೋಣಿಸಿ, ನಿರ್ದುಷ್ಟವಾದ ಒಂದು ಪುಟವನ್ನು ಸಿದ್ಧಪಡಿಸಿದೆ. ಈಗ ನೆನೆದರೂ ನನಗೆ ಆ ಬರೆಹದ ಮೇಲೆ ಅಭಿಮಾನವಿದೆ.

ಮಾವ ಪೂರ್ತಿ ಕೇಳಿದರು. "ಚಂದ ಬರೆದಿದ್ದಿ" ಎಂದರು. "ಆದರೆ ನನ್ನ ಮೂತ್ರದ ಸಮಾಚಾರ ಊರಿಗೆಲ್ಲ ಹಂಚುದಾ?"

"ನಗುವ ಹೊತ್ತಲ್ಲ ಇದು" ಎಂದಳು ಅತ್ತೆ.

"ನಗುದಲ್ಲ. ನೋಟೀಸು ಓದಿದವರು ನಂಬಿಯಾರು. ಅಕ್ಕುವಿಗೆ ಓದ್ಲಿಕ್ಕೆ ಬರುದಿಲ್ಲ. ಅವಳಿಗೆ ಬೇಜಾರಾಗಿದ್ರೆ ನಾನೇ ಹೋಗಿ ಹೇಳ್ಬೇಕು."

"ಹಾಗಾದ್ರೆ ನಾಳೆಯೇ ಹೋಗುವ" ಎಂದರು ಪಕ್ರಬ್ಬ.

ಮಾವ ಹಿಮ್ಮಡಿಯ ಪಟ್ಟಿಯನ್ನು ಸರಿಪಡಿಸಿಕೊಂಡರು. "ನಾಳೆ ಹೋಗಿ ಬೆಲ್ಲ ತಿಂದ್ರೆ ಓಟಿಗೆ ತಿಂದ ಹಾಗೆ ಆಗ್ತದೆ. ಅವಳಿಗೂ ಹಾಗೇ ಕಾಣ್ತದೆ. ಓಟು ಆಗ್ಲಿ, ಮತ್ತೆ ಹೋಗುವ."

"ಓಟು ಆದ ಮೇಲೆ ಹೋಗಿ ಎಂತ ಪ್ರಯೋಜನ ಮಾರಾಯ್ರೆ?"

"ಪ್ರಯೋಜನ ಇಲ್ಲ. ಅದಕ್ಕೇ."

ಫಲಿತಾಂಶವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಓದುಗರನ್ನು ಕಾಯಿಸಿ ಕುತೂಹಲ ಬೆಳೆಸುವ ವಿದ್ಯೆ ನನಗೆ ಬಾರದು. ಮತ ಎಣಿಕೆಯ ದಿನ ಮಾವ ಹೋಗಲಿಲ್ಲ. ಕಬಕದಲ್ಲಿ ತಮ್ಮ ಹಳೆಯ ಬೆಂಚಿನ ಮೇಲೆ, ಹೊಸ ಏಜೆಂಟನ ಪಕ್ಕದಲ್ಲಿ ಕುಳಿತಿದ್ದರು. ಮಧ್ಯಾಹ್ನದ ಬಸ್ಸಿನಿಂದ ಪಕ್ರಬ್ಬ ಇಳಿದರು. ಮಾವ ಅರ್ಧ ಎದ್ದು, ಆ ಹಳೆಯ ದನಿಯಲ್ಲಿಯೇ ಕೇಳಿದರು: "ಹೋದ ಕೆಲಸ ಆಯ್ತಾ?"

"ಇಲ್ಲ ಏಜೆಂಟ್ರೇ" ಎಂದರು ಪಕ್ರಬ್ಬ. ಬಸ್ಸು ಎಬ್ಬಿಸಿದ ಧೂಳು ಅವರಿಬ್ಬರ ನಡುವೆ ಬಂಗಾರದ ಬಣ್ಣದಲ್ಲಿ ನಿಂತಿತ್ತು. ಮಾವ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಅವರಿಗೆ ಜಾಗ ಮಾಡಿದರು. ಅಲ್ಲಿಗೆ ನನ್ನ ಮಾವನ ಶಾಸಕತನ ಮುಗಿಯಿತು.

ಆದರೆ ಮತದಾನಕ್ಕೂ ಎಣಿಕೆಗೂ ನಡುವೆ ಒಂದು ದಿನವಿತ್ತು. ಯಾರನ್ನು ಕಂಡರೂ ಏನೂ ಲಾಭವಿಲ್ಲದ, ಯಾರ ಮನೆಗೆ ಹೋದರೂ ಯಾರೂ ಕಾರಣ ಕೇಳದ, ಹಗುರವಾದ ದಿನ ಅದು. ಬಾಡಿಗೆಯ ಜೀಪು ಮರಳಿ ಹೋಗಿತ್ತು. ಮಾವ, ಪಕ್ರಬ್ಬ, ನಾನು ಬಸ್ಸಿನಲ್ಲಿ ಹೋಗಿ ಇಳಿದು ಪೆರಾಬೆಯ ಗುಡ್ಡವನ್ನು ಹತ್ತಿದೆವು. ನನ್ನನ್ನು ಕಳುಹಿಸಿದವಳು ಅತ್ತೆ. "ನೀನು ನಿಯಮದವಳು. ಮಾವ ಬೆಲ್ಲಕ್ಕೆ ಕೈ ಹಾಕಿದ್ರೆ ಹಿಡಿ" ಎಂದು ನನ್ನನ್ನು ಕಾವಲಿಗೆ ನೇಮಿಸಿದ್ದಳು. ಅಂಥ ನೇಮಕಗಳಲ್ಲಿ ನನಗೆ ಆಗಲೇ ಆಸಕ್ತಿಯಿತ್ತು.

ಹುಲ್ಲು ಒಣಗಿ ಗುಡ್ಡವಿಡೀ ಕೆಂಪುಹಳದಿಯಾಗಿತ್ತು. ಗೇರುಮರಗಳು ಹೂ ಬಿಟ್ಟಿದ್ದವು. ಆ ವಾಸನೆಯಲ್ಲಿ ತೂಕಡಿಕೆ ಬೆರೆತಿತ್ತು. ಮಾವ ಕುಂಟುತ್ತ, ನಿಲ್ಲುತ್ತ, ನಿಂತಲ್ಲೆಲ್ಲ ಕೆಳಗಿನ ತಮ್ಮ ಹುಟ್ಟುಮನೆಯ ಮಾಡನ್ನು ನೋಡುತ್ತ ಹತ್ತಿದರು. ಅಕ್ಕುವಿನ ಮನೆಯೆಂದರೆ ಸೆಗಣಿ ಸಾರಿಸಿದ ಪುಟ್ಟ ಅಂಗಳ, ಮುಳಿಹುಲ್ಲಿನ ಮಾಡು, ಬದಿಯಲ್ಲಿ ಒಂದು ನೆಲ್ಲಿಮರ. ಅವಳು ಬುಟ್ಟಿ ಹೆಣೆಯುತ್ತಿದ್ದಳು. ಅವರ ಮಾತು ನಡೆದದ್ದು ತುಳುವಿನಲ್ಲಿ. ನಾನು ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಮಾವ ಜಗಲಿಯಲ್ಲಿ ಕುಳಿತು, ಉಸಿರು ಹದಕ್ಕೆ ಬಂದ ಮೇಲೆ, "ಅಕ್ಕು, ಆ ಬೆಲ್ಲ ಇನ್ನೂ ಉಂಟಾ?" ಎಂದರು.

"ಉಂಟು" ಎಂದು ಅವಳು ಒಳಗೆ ಹೋದಳು. ಎಲೆ ಮುಚ್ಚಿದ ತಟ್ಟೆಯನ್ನು ತಂದು ಎಲೆಯನ್ನು ತೆಗೆದಳು. ಮಾವನ ಕೈ ಮುಂದೆ ಚಾಚಿತು. ಅವರ ಕೈಯನ್ನು ಹಿಡಿಯಲು ನನ್ನಿಂದಾಗಲಿಲ್ಲ. ಹಿಡಿದರೆ ಅಕ್ಕುವಿನ ಕಣ್ಣೆದುರಿನಲ್ಲಿ ಎರಡನೆಯ ಬಾರಿ 'ಬೇಡ' ಎಂದಂತೆ. ಬಿಟ್ಟರೆ ಅತ್ತೆಯ ನಳಿಗೆ, ಮಾವನ ಕಾಲು.

ಅಕ್ಕುವೇ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಕೊಡುದಿಲ್ಲ."

ಮಾವನ ಕೈ ಗಾಳಿಯಲ್ಲಿ ನಿಂತಿತು. "ಸಿಟ್ಟಾ ಅಕ್ಕು?"

"ಸಿಟ್ಟು ಎಂತಕ್ಕೆ ಗೌಡ್ರೇ? ಆ ದಿನ ನೀವು ಬೆಲ್ಲ ಬೇಡ ಅಂದ್ರಿ. ಚೆಂಬು ಖಾಲಿ ಮಾಡಿ, ಇನ್ನೂ ನೀರು ಕೊಡು ಅಂದ್ರಿ. ಅದನ್ನೂ ಖಾಲಿ ಮಾಡಿ ಮತ್ತೂ ಕೊಡು ಅಂದ್ರಿ. ನನ್ನ ಕೈಯದ್ದು ಆಗದವರು ನನ್ನ ನೀರು ಹಾಗೆ ಕುಡೀತಾರಾ? ಇದು ಜಾತಿಯ ಸಮಾಚಾರ ಅಲ್ಲ, ಮೈಯ ಸಮಾಚಾರ ಅಂತ ನನಗೆ ಆಗಲೇ ಗೊತ್ತಾಯ್ತು."

"ಮತ್ತೆ ಊರೆಲ್ಲ ನಿನಗೆ ಬೇಜಾರು ಅಂತ..."

"ಊರು ನನ್ನತ್ರ ಕೇಳಿತಾ? ನನ್ನ ಹೆಸರಿನಲ್ಲಿ ಅವರೇ ಬೇಜಾರು ಮಾಡಿಕೊಂಡ್ರು." ಅವಳು ನಕ್ಕಳು. "ನಿನ್ನೆ ಓಟು ಹಾಕಿ ಬರುವಾಗಲೂ ಒಬ್ಬರು ಹೇಳ್ಲಿಕ್ಕೆ ಬಂದ್ರು. ನನ್ನ ಮನೆಯ ಬೆಲ್ಲದ ಚಿಂತೆ ನಿಮಗೆ ಎಂತಕ್ಕೆ, ನೀವು ಒಂದು ದಿನ ಆದ್ರೂ ಬಂದು ತಿಂದವರಾ ಅಂತ ಕೇಳಿದೆ."

ಮಾವ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು, ಬಿಸಿಲಿನಲ್ಲಿ ಬಂದಿದ್ದರಲ್ಲ. ಅಕ್ಕು ಅಂಗಳಕ್ಕಿಳಿದು ನೆಲ್ಲಿಮರದ ತಗ್ಗಿನ ಕೊಂಬೆಯಲ್ಲಿ ಉಳಿದಿದ್ದ ಕೆಲವು ಕಾಯಿಗಳನ್ನು ಕಿತ್ತು, ತೊಳೆದು, ಅದೇ ತಟ್ಟೆಯಲ್ಲಿಟ್ಟು, ಚೆಂಬಿನೊಂದಿಗೆ ಮಾವನೆದುರು ಇಟ್ಟಳು. "ಇದಕ್ಕೆ ಡಾಕ್ಟ್ರು ಎಂತ ಹೇಳ್ಲಿಕ್ಕಿಲ್ಲ."

ಮಾವ ಒಂದು ನೆಲ್ಲಿಕಾಯಿಯನ್ನು ಕಚ್ಚಿದರು. ಅವರ ಮುಖ ಮುದುಡಿ, ಒಂದು ಕಣ್ಣು ಮುಚ್ಚಿಹೋಯಿತು. ಮೆಲ್ಲಗೆ ಅಗಿದು ನುಂಗಿ, ಚೆಂಬನ್ನೆತ್ತಿ ನೀರನ್ನು ಬಾಯಿಗೆ ಸುರಿದುಕೊಂಡರು. ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಅಲ್ಲಿ ಏನಾಯಿತೆಂದು ಹೇಳಬೇಕಾಗಿಲ್ಲ. ಮುದುಡಿದ ಮುಖ ಒಂದೊಂದೇ ಗೆರೆ ಬಿಡಿಸಿಕೊಂಡು ಅರಳಿತು.

"ಸಿಹಿ ಉಂಟು ಅಕ್ಕು."

"ಉಂಟಲ್ಲ?"

ಬೆಲ್ಲವನ್ನು ಅವಳು ಎಲೆಯಲ್ಲಿ ಕಟ್ಟಿ ಪಕ್ರಬ್ಬರ ಕೈಗೆ ಕೊಟ್ಟಳು. "ಬ್ಯಾರಿಗಳಿಗೆ. ಸಂಜೆಗೆ ಆಗ್ತದೆ." ನಾವು ಕಡಬದ ದಾರಿಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ ಸೂರ್ಯ ಮುಳುಗಿದ. ಪಕ್ರಬ್ಬ ಮೋರಿಯ ಕಟ್ಟೆಯ ಮೇಲೆ ಕುಳಿತು, ಮನಸ್ಸಿನಲ್ಲಿಯೇ ಪ್ರಾರ್ಥಿಸಿ, ಎಲೆಯನ್ನು ಬಿಚ್ಚಿ, ದಿನವಿಡೀ ಒಣಗಿದ್ದ ಬಾಯಿಗೆ ಆ ಬೆಲ್ಲವನ್ನು ಹಾಕಿಕೊಂಡು ಉಪವಾಸ ಬಿಟ್ಟರು. "ಏಜೆಂಟ್ರೇ, ಇದು ನಿಮ್ಮ ಪಾಲಿನದ್ದು" ಎಂದರು. ಮಾವ ತಲೆಯಾಡಿಸಿದರು. ರಸ್ತೆ, ಗುಡ್ಡ, ನಮ್ಮ ಮೂವರ ಕೈಗಳು ಎಲ್ಲವೂ ಆ ಗಳಿಗೆಯಲ್ಲಿ ಬೆಲ್ಲದ ಬಣ್ಣಕ್ಕೆ ಬಂದಿದ್ದವು.

ಮನೆಗೆ ಬಂದಾಗ ಅತ್ತೆ ಸ್ಪಿರಿಟ್ ದೀಪವನ್ನು ಹಚ್ಚಿಟ್ಟುಕೊಂಡೇ ಕುಳಿತಿದ್ದಳು. "ಎಷ್ಟು ಮನೆ?" ಎಂದು ಕೇಳಿದಳು. "ಒಂದೇ" ಎಂದರು ಮಾವ. ನಾವೆಲ್ಲರೂ ಬಾಗಿ ನೋಡಿದೆವು. ನಳಿಗೆ ಕುದಿಯಿತು, ಅಲುಗಿತು, ಬಹಳ ಹೊತ್ತು ಯೋಚಿಸಿತು, ನೀಲಿಯಾಗಿಯೇ ಉಳಿಯಿತು. ಸೋಲಿನ ಸುದ್ದಿ ಬರುವುದಕ್ಕಿಂತ ಮೊದಲು ನಮ್ಮ ಮನೆಗೆ ಬಂದ ಫಲಿತಾಂಶ ಅದು.

ನೆಲ್ಯಾಡಿಯ ಜಗಲಿಯಲ್ಲಿ ಇದೆಲ್ಲ ನನ್ನ ಕಣ್ಣೆದುರು ಹಾದುಹೋಗಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಇರುವೆ ತನ್ನ ಪ್ರದಕ್ಷಿಣೆಯನ್ನು ಮುಗಿಸಿ ಬೆಲ್ಲವನ್ನು ಹತ್ತಿತ್ತು. ನಾನು ತಟ್ಟೆಯನ್ನು ಮುಟ್ಟಲಿಲ್ಲ, ಬೇಡವೆಂದೂ ಹೇಳಲಿಲ್ಲ. ಚೆಂಬನ್ನೆತ್ತಿ, ಕೊನೆಯ ಹನಿಯವರೆಗೆ ಕುಡಿದು, ಆ ತಾಯಿಯ ಕಡೆಗೆ ಚಾಚಿದೆ.

"ಇನ್ನೂ ಸ್ವಲ್ಪ ನೀರು ಕೊಡ್ತೀರಾ ಅಮ್ಮಾ?"

ಅವರು ನನ್ನನ್ನು ನೋಡಿದರು, ಬೆಲ್ಲವನ್ನು ನೋಡಿದರು, ಖಾಲಿ ಚೆಂಬನ್ನು ನೋಡಿದರು.

"ಓ," ಎಂದರು ಮೆಲ್ಲಗೆ, "ಟೀಚರಿಗೂ ಶುಗರಾ?" ಎಂದು ಚೆಂಬನ್ನು ತೆಗೆದುಕೊಂಡು ಒಳಗೆ ಹೋದರು.